ಆ ಡ್ರೈವರ್ ಏನಾದ?



*ಇಂದಿನ ಚಿಂತನೆ: ನಮ್ಮ ಹವ್ಯಾಸಕ್ಕೂ ಒಂದು ಕನ್ನಡಿ*

ಇವತ್ತು ಚಿಂತನೆ ಬರೆಯುವ ಸರದಿ ನನ್ನದು. ಸ್ವಲ್ಪ ಉದ್ದವಾಗಿದೆ, ಪುರುಸೊತ್ತು ಮಾಡಿಕೊಂಡು ಓದಿ. ಧಮ್ಮದ ಬಳಗದಲ್ಲಿ ಇದೇನು ಆಟಿಕೆ ರೈಲಿನ ವಿಷಯ ಅಂತ ನಿಮಗೆ ಅನಿಸಬಹುದು. ನನಗೂ ಮೊದಲು ಹಾಗೇ ಅನಿಸಿತ್ತು.

ನನ್ನ ಅಕ್ಕನ ಮಗ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಎಂಬ ಊರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅಲ್ಲಿ ಚಳಿಗಾಲದ ಸಂಜೆಗಳು ಬಹಳ ಉದ್ದ. ಹೊತ್ತು ಕಳೆಯಲು ಮಾದರಿ ರೈಲು ಜೋಡಿಸುವ ಹವ್ಯಾಸ ಹಚ್ಚಿಕೊಂಡಿದ್ದಾನೆ. ರೈಲಿನ ಹುಚ್ಚು ಅವನಿಗೆ ಬಂದದ್ದು ತಾತನಿಂದ. ನಮ್ಮಪ್ಪ ಅರಸೀಕೆರೆ ಕಡೆ ರೈಲ್ವೆ ಗ್ಯಾಂಗ್‌ಮನ್ ಆಗಿದ್ದವರು. ಸುತ್ತಿಗೆ, ಸ್ಪ್ಯಾನರ್ ಹೊತ್ತು ಹಳಿಯ ಮೇಲೆ ಮೈಲಿಗಟ್ಟಲೆ ನಡೆದ ಕಾಲು ಅವರದು.

ಕಳೆದ ತಿಂಗಳು ಅವನು ವಿಡಿಯೋ ಕಾಲ್ ಮಾಡಿ ಹೊಸ ಎಂಜಿನ್ ತೋರಿಸಿದ. ಹಸಿರು ಬಣ್ಣದ ಡೀಸೆಲ್ ಎಂಜಿನ್. ನಿಜವಾದದ್ದು 21 ಮೀಟರ್ ಉದ್ದ. ಇದು 76ರಲ್ಲಿ ಒಂದು ಪಾಲಿನ ಅಳತೆ, ಹಾಗಾಗಿ ಸುಮಾರು 28 ಸೆಂಟಿಮೀಟರ್. "ಚಿಕ್ಕವ್ವ, ಇದಕ್ಕೆ ನಂಬರ್ ಅಂಟಿಸೋದು ಬಾಕಿ ಇದೆ. ಡಿ326 ಅಂತ ಹಾಕ್ತೀನಿ. ಗೊತ್ತಾ ಯಾವ್ದು ಅಂತ? ಗ್ರೇಟ್ ಟ್ರೇನ್ ರಾಬರಿ ಎಂಜಿನ್!" ಅಂದ.

ನನಗೆ ಗೊತ್ತಿತ್ತು. ಕಾಲೇಜಿನಲ್ಲಿದ್ದಾಗ ಯಾವುದೋ ವಾರಪತ್ರಿಕೆಯಲ್ಲಿ ಓದಿ ಮೈ ಝುಂ ಅಂದಿತ್ತು. ಅವನ ಉತ್ಸಾಹ ನನಗೂ ಅಂಟಿತು. ಮರುದಿನ ಒಂಬತ್ತನೇ ತರಗತಿಗೆ ಒಂದು ಪೀರಿಯಡ್ ಬಿಡುವಿತ್ತು. ಪೂರ್ತಿ ಪೀರಿಯಡ್ ಆ ದರೋಡೆಯ ಕಥೆಯನ್ನೇ ಹೇಳಿದೆ. ಮಕ್ಕಳು ಕಣ್ಣು ಮಿಟುಕಿಸದೆ ಕೇಳಿದರು. ಒಬ್ಬ ಹುಡುಗ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಮುಸುಕುಧಾರಿ ಕಳ್ಳರ ಚಿತ್ರ ಬರೆದು ತಂದು ತೋರಿಸಿದ. ಚೆನ್ನಾಗಿದೆ ಕಣೋ ಅಂದೆ.

ಸಂಜೆ ಅಪ್ಪನಿಗೂ ಅದೇ ಕಥೆ ಹೇಳಿದೆ. ಅಪ್ಪನಿಗೆ ಎಂಬತ್ತು ದಾಟಿದೆ. ಪೂರ್ತಿ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಸರಿ ಕಣವ್ವ. ಆ ಡ್ರೈವರ್ ಏನಾದ?"

ನನಗೆ ಗೊತ್ತಿರಲಿಲ್ಲ. ಅವರ ಹೆಸರೂ ಗೊತ್ತಿರಲಿಲ್ಲ. ಅಪ್ಪ ಮತ್ತೊಂದು ಮಾತು ಹೇಳಿದರು. "ಕೆಂಪು ದೀಪ ಕಂಡ್ರೆ ನಿಲ್ಲಿಸ್ಲೇಬೇಕು. ಅವ್ನು ನಿಲ್ಲಿಸ್ದ. ಡ್ಯೂಟಿ ಸರಿಯಾಗಿ ಮಾಡಿದ್ದಕ್ಕೇ ಏಟು ಬಿತ್ತಲ್ಲ ಪಾಪ."

ಆ ರಾತ್ರಿ ಕೂತು ಹುಡುಕಿ ಓದಿದೆ.

*ನಡೆದದ್ದು ಏನು?*

1963ರ ಆಗಸ್ಟ್ 8, ಬೆಳಗಿನ ಜಾವ ಮೂರು ಗಂಟೆ. ಗ್ಲಾಸ್ಗೋದಿಂದ ಲಂಡನ್ನಿಗೆ ಹೊರಟಿದ್ದ ಅಂಚೆ ರೈಲು ಬಕಿಂಗ್‌ಹ್ಯಾಮ್‌ಶೈರಿನಲ್ಲಿ ಕೆಂಪು ಸಿಗ್ನಲ್ ಕಂಡು ನಿಂತಿತು. ಸಿಗ್ನಲ್ ಸುಳ್ಳಿನದು. ಕಳ್ಳರು ಹಸಿರು ದೀಪಕ್ಕೆ ಕೈಗವಸು ಮುಚ್ಚಿ, ಬ್ಯಾಟರಿಯಿಂದ ಕೆಂಪು ದೀಪ ಉರಿಸಿದ್ದರು. ಫೋನ್ ಮಾಡಲು ಕೆಳಗಿಳಿದ ಸಹಾಯಕ ಡೇವಿಡ್ ವಿಟ್ಬಿಗೆ ತಂತಿ ಕತ್ತರಿಸಿರುವುದು ಕಂಡಿತು. ಅಷ್ಟರಲ್ಲಿ ಅವನನ್ನು ಹಿಡಿದರು. ಎಂಜಿನ್ನಿನೊಳಗೆ ನುಗ್ಗಿದವರನ್ನು ತಡೆಯಲು ಹೋದ ಡ್ರೈವರ್ ಜ್ಯಾಕ್ ಮಿಲ್ಸ್ ಅವರ ತಲೆಗೆ ಬಲವಾದ ಪೆಟ್ಟು ಬಿತ್ತು. ಕಳ್ಳರು ತಮ್ಮ ಜೊತೆ ಒಬ್ಬ ನಿವೃತ್ತ ಡ್ರೈವರನ್ನು ಕರೆತಂದಿದ್ದರು. ಅವನಿಗೆ ಈ ಬಗೆಯ ಎಂಜಿನ್ ನಡೆಸಲು ಬರಲಿಲ್ಲ. ರಕ್ತ ಸುರಿಯುತ್ತಿದ್ದ ಮಿಲ್ಸ್ ಅವರ ಕೈಯಿಂದಲೇ ರೈಲನ್ನು ಮುಂದಿನ ಸೇತುವೆಯವರೆಗೆ ಓಡಿಸಿದರು. ಅಲ್ಲಿ 120 ಚೀಲಗಳನ್ನು ಇಳಿಸಿಕೊಂಡರು. ಒಟ್ಟು ಸುಮಾರು 26 ಲಕ್ಷ ಪೌಂಡ್. ಅದರ ಬಹುಪಾಲು ಇವತ್ತಿಗೂ ಸಿಕ್ಕಿಲ್ಲ.

ಕಳ್ಳರು ಅಡಗಿದ್ದ ತೋಟದ ಮನೆಯಲ್ಲಿ ಪೊಲೀಸರಿಗೆ ಬೆರಳಚ್ಚು ಸಿಕ್ಕ ವಸ್ತುಗಳಲ್ಲಿ ಒಂದು ಮೊನಾಪಲಿ ಆಟದ ಹಲಗೆ. 1964ರಲ್ಲಿ ಹಲವರಿಗೆ 30 ವರ್ಷಗಳ ಶಿಕ್ಷೆಯಾಯಿತು.

ಮುಂದೆ? ರಾನಿ ಬಿಗ್ಸ್ 1965ರಲ್ಲಿ ಜೈಲಿನ ಗೋಡೆ ಹಾರಿ ಬ್ರೆಜಿಲ್ ಸೇರಿ ಲೋಕಪ್ರಸಿದ್ಧನಾದ. ಬಸ್ಟರ್ ಎಡ್ವರ್ಡ್ಸ್ ಹೆಸರಿನಲ್ಲಿ 1988ರಲ್ಲಿ ಸಿನಿಮಾ ಬಂತು. ದರೋಡೆಗೆ 50 ವರ್ಷ ತುಂಬಿದ 2013ರಲ್ಲಿ ಬಿಬಿಸಿ ಎರಡು ಭಾಗಗಳ ಧಾರಾವಾಹಿ ಮಾಡಿತು. ಒಂದರ ಹೆಸರು 'ಕಳ್ಳನ ಕಥೆ', ಇನ್ನೊಂದರ ಹೆಸರು 'ಪೊಲೀಸನ ಕಥೆ' ಎಂಬರ್ಥದ್ದು. ಡ್ರೈವರನ ಕಥೆ ಎಂಬ ಮೂರನೆಯ ಭಾಗ ಇರಲಿಲ್ಲ. ಸೇತುವೆಯನ್ನೂ ಜನ ರೈಲುಗಳ್ಳರ ಸೇತುವೆ ಎಂದೇ ಕರೆಯುತ್ತಾರೆ.

ಜ್ಯಾಕ್ ಮಿಲ್ಸ್ ಆ ಪೆಟ್ಟಿನಿಂದ ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. ತಲೆನೋವು ಕೊನೆಯವರೆಗೂ ಕಾಡಿತು. 1970ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಸಾವಿಗೂ ಆ ಪೆಟ್ಟಿಗೂ ಸಂಬಂಧವಿಲ್ಲ ಎಂದು ಮರಣ ವಿಚಾರಣಾಧಿಕಾರಿ ಹೇಳಿದರು. ಇದನ್ನೂ ಬರೆಯಲೇಬೇಕು. ನೊಂದವರ ಪರವಾಗಿ ಮಾತಾಡುವಾಗಲೂ ಸುಳ್ಳು ಬೆರೆಸಬಾರದು, ಅದೂ ಶೀಲವೇ. ಡೇವಿಡ್ ವಿಟ್ಬಿ 1972ರಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 34 ವರ್ಷ.

ಅಪ್ಪ ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ. ಇದನ್ನು ತಿಳಿಯಲು ನನಗೆ ಒಂದು ಗಂಟೆ ಸಾಕಾಯಿತು. ಆದರೆ ಇಪ್ಪತ್ತೈದು ವರ್ಷ ನನಗೆ ಕೇಳಬೇಕು ಅಂತಲೇ ಅನಿಸಿರಲಿಲ್ಲ.

*ನಂಬರಿನಲ್ಲಿ ಏನಿದೆ?*

ಅಕ್ಕನ ಮಗನಿಗೆ ಫೋನ್ ಮಾಡಿದೆ. ತಾತ ಕೇಳಿದ್ದನ್ನು ಹೇಳಿದೆ. ಅವನಿಗೆ ಸ್ವಲ್ಪ ಬೇಸರವಾಯಿತು. "ಅದು ಬರೀ ನಂಬರ್ ಚಿಕ್ಕವ್ವ. ಈ ಥರದ ಎಂಜಿನ್ 200 ಇದ್ವು. ಎಲ್ಲಾ ಒಂದೇ ಥರ. ಕಬ್ಬಿಣ ಏನು ತಪ್ಪು ಮಾಡ್ತು?" ಅಂದ.

ಅವನ ಮಾತು ಅರ್ಧ ಸರಿ. ಎಂಜಿನ್ನಿಗೆ ಚೇತನ ಇಲ್ಲ. ಕರ್ಮ ಎಂದರೆ ಚೇತನ, ಅಂದರೆ ಉದ್ದೇಶ ಎಂದು ಭಗವಾನರು ಹೇಳಿದ್ದು ನಮಗೆ ಗೊತ್ತು. ಕಬ್ಬಿಣಕ್ಕೆ ಪಾಪ ಅಂಟುವುದಿಲ್ಲ. ಆದರೆ 200 ಎಂಜಿನ್‌ಗಳಲ್ಲಿ ಆ ಒಂದರ ನಂಬರೇ ಯಾಕೆ ಬೇಕು? ಆ ರಾತ್ರಿ ನಡೆದದ್ದು ನಡೆಯದೇ ಇದ್ದಿದ್ದರೆ ಡಿ326 ಯಾರಿಗೂ ಬೇಕಾಗುತ್ತಿರಲಿಲ್ಲ. ಹಾಗಾದರೆ ನಾವು ಆಸೆಪಡುತ್ತಿರುವುದು ಎಂಜಿನ್ನಿಗಲ್ಲ, ಆ ರಾತ್ರಿಗೆ.

ಈ ಆಸೆ ಹೊಸದೂ ಅಲ್ಲ. ಕಳ್ಳರು ದೋಚಿದ ಬೋಗಿಯನ್ನು ಸಾಕ್ಷ್ಯಕ್ಕಾಗಿ ಏಳು ವರ್ಷ ಕಾಪಿಟ್ಟು, 1970ರಲ್ಲಿ ನಾರ್ಫೋಕ್‌ನ ಗುಜರಿಯಲ್ಲಿ ಪೊಲೀಸರ ಮತ್ತು ಅಂಚೆ ಅಧಿಕಾರಿಗಳ ಎದುರಿನಲ್ಲೇ ಸುಟ್ಟರು. ಜನ ಅದರ ಚೂರುಗಳನ್ನು ನೆನಪಿಗೆಂದು ಒಯ್ಯಬಾರದು ಎಂಬುದೇ ಕಾರಣ. ಡಿ326 ಎಂಜಿನ್ನನ್ನೂ 1984ರಲ್ಲಿ ಡಾನ್‌ಕಾಸ್ಟರ್‌ನ ಕಾರ್ಖಾನೆಯಲ್ಲಿ ಒಡೆದು ಹಾಕಿದರು. ಇಲ್ಲವಾಗಲಿ ಎಂದು ಸುಟ್ಟದ್ದನ್ನೇ ನಾವು ಪ್ಲಾಸ್ಟಿಕ್ಕಿನಲ್ಲಿ ಮತ್ತೆ ಮಾಡಿ ಕಪಾಟಿನಲ್ಲಿ ಇಡುತ್ತಿದ್ದೇವೆ.

ಇಲ್ಲಿ ನನಗೆ ಅಂಗುಲಿಮಾಲನ ನೆನಪಾಯಿತು. ಬಾಬಾಸಾಹೇಬರು ತಮ್ಮ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಅವನ ಪರಿವರ್ತನೆಗೆ ಜಾಗ ಕೊಟ್ಟಿದ್ದಾರೆ. ಅವನು ಕೊಂದ ಪ್ರತಿಯೊಬ್ಬರಿಂದ ಒಂದು ಬೆರಳು ತೆಗೆದು ಮಾಲೆ ಮಾಡಿಕೊಂಡವನು. ಅಪರಾಧದ ನೆನಪಿನ ವಸ್ತು ಕೂಡಿಡುವುದು ಎಂದರೆ ಅದೇ ಅಲ್ಲವೇ? ಅವನ ಹೆಸರೇ ಆ ಮಾಲೆಯಿಂದ ಬಂತು. ಬೆರಳು ಕಳೆದುಕೊಂಡವರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ. ಆದರೂ ಆ ಕಥೆಯಲ್ಲಿ ಒಂದು ನ್ಯಾಯ ಇದೆ. ಮಜ್ಝಿಮ ನಿಕಾಯದ ಸುತ್ತದಲ್ಲಿ ಅಂಗುಲಿಮಾಲ ಭಿಕ್ಷುವಾದ ಮೇಲೆ ಭಿಕ್ಷೆಗೆ ಹೋದಾಗ ಅವನಿಗೆ ಕಲ್ಲೇಟು ಬೀಳುತ್ತದೆ. ತಲೆ ಒಡೆದು, ಪಾತ್ರೆ ಮುರಿದು, ರಕ್ತ ಸುರಿಸಿಕೊಂಡು ಬಂದವನಿಗೆ ಭಗವಾನರು ಸಹಿಸಿಕೋ ಎನ್ನುತ್ತಾರೆ. ಕಳ್ಳ ಬದಲಾದದ್ದು ದೊಡ್ಡ ಸಂಗತಿ. ಆದರೆ ನೊಂದವರ ನೋವು ಅಷ್ಟಕ್ಕೇ ಇಲ್ಲವಾಗುವುದಿಲ್ಲ. ಆ ಕಲ್ಲುಗಳನ್ನು ಕಥೆ ಮುಚ್ಚಿಡಲಿಲ್ಲ.

*ಇದಕ್ಕಿಂತ ಕಷ್ಟದ ರೈಲು*

ದರೋಡೆಯ ವಿಷಯ ಒಂದು ತೂಕದ್ದು. ಮಾದರಿ ರೈಲಿನವರ ಮುಂದೆ ಇದಕ್ಕಿಂತ ಬಹಳ ಭಾರದ ಪ್ರಶ್ನೆ ಇದೆ. ಅದು ಜರ್ಮನಿಯದು.

ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಲಕ್ಷಾಂತರ ಯಹೂದಿಗಳನ್ನು, ರೋಮಾ ಜನರನ್ನು ಕೊಲ್ಲುವ ಶಿಬಿರಗಳಿಗೆ ಸಾಗಿಸಿದ್ದು ರೈಲಿನಲ್ಲಿ. ಬಹಳ ಕಡೆ ದನ ಮತ್ತು ಸರಕು ತುಂಬುವ ಮುಚ್ಚಿದ ಬೋಗಿಗಳಲ್ಲಿ. ಜರ್ಮನ್ ರೈಲ್ವೆ ಇದಕ್ಕೆ ಟಿಕೆಟ್ ದರವನ್ನೂ ಲೆಕ್ಕ ಹಾಕಿತು. ಕಿಲೋಮೀಟರಿಗೆ ತಲೆಗೆ 4 ಫೆನಿಗ್, ಮೂರನೇ ದರ್ಜೆಯ ದರ. ಮಕ್ಕಳಿಗೆ ಅರ್ಧ. 400ಕ್ಕಿಂತ ಹೆಚ್ಚು ಜನರ ಗುಂಪಾದರೆ ರಿಯಾಯಿತಿ. ಹಣ ಕೊಡುತ್ತಿದ್ದದ್ದು ಸಾಗಿಸಲು ಹೇಳಿದ ಇಲಾಖೆ. ವಾಪಸ್ ಟಿಕೆಟ್ ಇರುತ್ತಿರಲಿಲ್ಲ. ಟೈಮ್‌ಟೇಬಲ್ ಬರೆದ ಗುಮಾಸ್ತ, ಬೋಗಿ ಜೋಡಿಸಿದ ಕೂಲಿ, ಸಿಗ್ನಲ್ ಕೊಟ್ಟವನು, ಎಲ್ಲರೂ ನನ್ನದು ಬರೀ ನನ್ನ ಕೆಲಸ ಅಂದುಕೊಂಡು ಮಾಡಿದರು. ಸಮ್ಮಾ ಆಜೀವ ಎಂಬ ಪಾಠ ಕಲಿಯಲು ಇದಕ್ಕಿಂತ ಕಹಿಯಾದ ಉದಾಹರಣೆ ಬೇರೆ ಇರಲಾರದು.

ಆ ಕಾಲದ ಜರ್ಮನ್ ಎಂಜಿನ್‌ಗಳು, ಸರಕು ಬೋಗಿಗಳು ಮಾದರಿ ರೈಲಿನ ಹವ್ಯಾಸಿಗಳಿಗೆ ಇವತ್ತಿಗೂ ಅಚ್ಚುಮೆಚ್ಚು. ಬೋಗಿ ಗೋಧಿಯನ್ನೂ ಒಯ್ದಿದೆ, ಕಲ್ಲಿದ್ದಲನ್ನೂ ಒಯ್ದಿದೆ. ಹಾಗಾಗಿ ಅದನ್ನು ಮಾಡುವುದೇ ತಪ್ಪು ಎಂದು ಹೇಳಲಾರೆ. ಆದರೆ ಒಂದು ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಜರ್ಮನಿಯ ಕಾನೂನು ನಾಜಿ ಸ್ವಸ್ತಿಕವನ್ನು ಸಾರ್ವಜನಿಕವಾಗಿ ಬಳಸುವುದನ್ನು ನಿಷೇಧಿಸುತ್ತದೆ. ಕಲೆ, ಸಂಶೋಧನೆ, ಬೋಧನೆಗೆ ವಿನಾಯಿತಿ ಇದೆ. ಹಾಗಾಗಿ ಆ ಕಾಲದ ಮಾದರಿ ಎಂಜಿನ್ನಿನ ಮೇಲೆ ಹದ್ದಿನ ಲಾಂಛನ ಇದ್ದರೂ ಅದರ ಕೆಳಗಿನ ವೃತ್ತ ಖಾಲಿ ಇರುತ್ತದೆ. ಕಾನೂನಿನ ಉದ್ದೇಶ ಒಳ್ಳೆಯದೇ. ಆದರೆ ಮೇಜಿನ ಮೇಲೆ ಓಡುವ ಆ 1942ರ ರೈಲು ಎಷ್ಟು ಶುಭ್ರವಾಗಿ ಕಾಣುತ್ತದೆ ನೋಡಿ! ಚಿಹ್ನೆಯೂ ಇಲ್ಲ, ಬೋಗಿಯೊಳಗೆ ಜನರೂ ಇಲ್ಲ. ಹೂಕುಂಡ ಇರುವ ಪುಟ್ಟ ನಿಲ್ದಾಣ, ಸುತ್ತ ಹಸಿರು ಗುಡ್ಡ.

ಹಾಗಾದರೆ ಜನರನ್ನೂ ಮಾಡಿ ಒಳಗೆ ತುಂಬಬೇಕೇ? ಅದನ್ನು ಗುಂಡಿ ಒತ್ತಿ ಸುತ್ತ ಓಡಿಸಿ ಸಂತೋಷಪಡುವುದು ಇನ್ನೂ ಘೋರ.

ಎರಡು ಜಾಗಗಳಲ್ಲಿ ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ಪೋಲೆಂಡಿನ ಆಶ್‌ವಿಟ್ಜ್ ಮ್ಯೂಸಿಯಂನಲ್ಲಿ ಶಿಲ್ಪಿ ಸ್ಟೊಬಿಯೆರ್ಸ್ಕಿ ಮಾಡಿದ ಬಿಳಿ ಪ್ಲಾಸ್ಟರಿನ ಒಂದು ಮಾದರಿ ಇದೆ. ವಿಷಾನಿಲದ ಕೋಣೆಗೆ ಮೆಟ್ಟಿಲಿಳಿಯುವ ಪುಟ್ಟ ಪುಟ್ಟ ಮನುಷ್ಯರು ಅದರಲ್ಲಿದ್ದಾರೆ. ನೋಡುವವರ ಕಣ್ಣು ಯಂತ್ರದ ಮೇಲಲ್ಲ, ಆ ಮನುಷ್ಯರ ಮೇಲೆ ಬೀಳುತ್ತದೆ. ಇನ್ನೊಂದು ಜೆರುಸಲೇಮಿನ ಯಾದ್ ವಶೆಮ್ ಸ್ಮಾರಕದಲ್ಲಿ. ಅಲ್ಲಿ ಅಂಥದೇ ಒಂದು ನಿಜವಾದ ಬೋಗಿಯನ್ನು ಕಣಿವೆಯ ಮೇಲೆ ಚಾಚಿದ, ಮಧ್ಯದಲ್ಲೇ ಮುರಿದ ಹಳಿಯ ಮೇಲೆ ನಿಲ್ಲಿಸಿದ್ದಾರೆ. ಆ ಬೋಗಿ ಎಲ್ಲಿಗೂ ಹೋಗುವುದಿಲ್ಲ.

ನನಗೆ ತಿಳಿದದ್ದು ಇಷ್ಟು. ಮಾದರಿ ಮಾಡುವುದು ಪಾಪವಲ್ಲ. ಅದು ನಮ್ಮ ಕಣ್ಣನ್ನು ಯಾರ ಕಡೆ ತಿರುಗಿಸುತ್ತದೆ ಎಂಬುದೇ ಪ್ರಶ್ನೆ.

*ರಾಹುಲನ ಕನ್ನಡಿ*

ಭಗವಾನರು ಮಾಡಬಾರದ ವ್ಯಾಪಾರ ಐದು ಎಂದು ಹೇಳಿದರು: ಆಯುಧ, ಜೀವಿಗಳು, ಮಾಂಸ, ಮಾದಕ ವಸ್ತು, ವಿಷ. ಈ ಪಟ್ಟಿಯಲ್ಲಿ ಆಟಿಕೆ ಇಲ್ಲ. ಹಾಗಂತ ನಮ್ಮ ಹೊಣೆ ಮುಗಿಯಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಅಳೆಯಲು ಅವರು ಮಗ ರಾಹುಲನಿಗೆ ಒಂದು ಕನ್ನಡಿ ಕೊಟ್ಟರು. ಕನ್ನಡಿ ಇರುವುದು ನೋಡಿಕೊಳ್ಳಲು. ಹಾಗೆಯೇ ಯಾವುದೇ ಕೆಲಸವನ್ನು ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ, ಇದರಿಂದ ನನಗೋ ಇತರರಿಗೋ ನೋವಾಗುತ್ತದೆಯೇ ಎಂದು ನೋಡಿಕೋ ಎಂದರು. ಸಾಮ್ರಾಟ ಅಶೋಕ ಬೈರಾಟದ ಶಾಸನದಲ್ಲಿ ಭಿಕ್ಷುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕೆಂದು ಹೆಸರಿಸಿದ ಉಪದೇಶಗಳಲ್ಲಿ ರಾಹುಲನಿಗೆ ಹೇಳಿದ ಮಾತೂ ಒಂದು.

ಈ ರೈಲಿಗೂ ಅದೇ ಕನ್ನಡಿ ಹಿಡಿಯೋಣ.

1. ಮಾಡುವ ಮೊದಲು: ಇದೇ ನನಗೆ ಯಾಕೆ ಬೇಕು? ತಿಳಿಯುವುದಕ್ಕೋ, ಕಳ್ಳನ ಧೈರ್ಯಕ್ಕೆ ಮೈ ಝುಂ ಎನ್ನುವುದಕ್ಕೋ? ಮಾರುವವರಾದರೆ, ನಾನು ಮಾರುತ್ತಿರುವುದು ಎಂಜಿನ್ನನ್ನೋ, ಯಾರೋ ತಿಂದ ಪೆಟ್ಟನ್ನೋ?

2. ಮಾಡುವಾಗ: ಬಣ್ಣ, ಚಕ್ರ, ನಂಬರ್ ಎಲ್ಲ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಸರಿ ಇರಬೇಕೆಂದು ಹಟ ಹಿಡಿಯುವ ನಾನು, ಅದರಲ್ಲಿದ್ದ ಮನುಷ್ಯರ ವಿಷಯದಲ್ಲೂ ಅಷ್ಟೇ ಹಟ ಹಿಡಿದೆನೇ?

3. ಮಾಡಿದ ಮೇಲೆ: ನೋಡಿದವರು ಯಾರ ಹೆಸರು ನೆನಪಿಟ್ಟುಕೊಂಡು ಮನೆಗೆ ಹೋಗುತ್ತಾರೆ? ಜ್ಯಾಕ್ ಮಿಲ್ಸ್ ಮನೆಯವರು ಬಂದು ನಿಂತರೆ ಅವರ ಮುಂದೆ ಇದನ್ನು ಓಡಿಸಬಲ್ಲೆನೇ?

ಈ ಕನ್ನಡಿ ನನ್ನ ಕಡೆಗೂ ತಿರುಗಿತು. ನಾನು ಮಾದರಿ ರೈಲು ಮಾಡಿದವಳಲ್ಲ. ಆದರೆ ತರಗತಿಯಲ್ಲಿ ಮಾತಿನಲ್ಲೇ ಅದನ್ನು ಮಾಡಿ ಓಡಿಸಿದೆ. ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಕಂಬಾಲಪಲ್ಲಿ ಎಂದರೆ ನಮ್ಮೆಲ್ಲರಿಗೂ ಗೊತ್ತು. 2000ದ ಮಾರ್ಚ್ 11ರಂದು ಅಲ್ಲಿ ನಮ್ಮವರು 7 ಜನರನ್ನು ಬೆಂಕಿ ಹಚ್ಚಿ ಸುಟ್ಟರು ಎಂದು ಭಾಷಣಗಳಲ್ಲಿ ಹೇಳಿದ್ದೇನೆ. ಆ ಏಳು ಜನರ ಹೆಸರು ಹೇಳು ಎಂದರೆ ಅವತ್ತಿನವರೆಗೆ ನನಗೆ ಬರುತ್ತಿರಲಿಲ್ಲ. ಊರಿನ ಹೆಸರು, ತಾರೀಖು, ಸಂಖ್ಯೆ ಮಾತ್ರ ಇತ್ತು. ನಾನು ಯಾವ ಬಾಯಲ್ಲಿ ಆ ಹುಡುಗನಿಗೆ ಬುದ್ಧಿ ಹೇಳಲಿ?

*ಮುಂದೆ ಏನಾಯಿತು*

ಅಕ್ಕನ ಮಗನ ಜೊತೆ ಎರಡು ಮೂರು ಸಲ ಮಾತಾಯಿತು. ಅವನದೂ ಒಂದು ಒಳ್ಳೆಯ ಪ್ರಶ್ನೆ. "ಯಾರೂ ಮಾಡ್ಲೇಬಾರ್ದು ಅಂದ್ರೆ ಡ್ರೈವರ್‌ನೂ ಜನ ಮರೀತಾರಲ್ಲ ಚಿಕ್ಕವ್ವ? ನಾನು ಈ ಎಂಜಿನ್ ತೋರಿಸ್ದೆ ಇದ್ದಿದ್ರೆ ತಾತ ಕೇಳ್ತಿದ್ರಾ?" ಅಂದ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜ, ಆ ಆಟಿಕೆಯಿಂದಲೇ ಅಪ್ಪನ ಪ್ರಶ್ನೆ ಹುಟ್ಟಿದ್ದು.

ಅವನೇ ಹುಡುಕಿ ಒಂದು ಸುದ್ದಿ ಹೇಳಿದ. ಈಚಿನ ವರ್ಷಗಳಲ್ಲಿ ಬ್ರಿಟನ್ನಿನ 90036 ಸಂಖ್ಯೆಯ ವಿದ್ಯುತ್ ಎಂಜಿನ್ನಿಗೆ 'ಡ್ರೈವರ್ ಜ್ಯಾಕ್ ಮಿಲ್ಸ್' ಎಂದು ಹೆಸರಿಟ್ಟಿದ್ದಾರೆ. ಅಪ್ಪನಿಗೆ ಹೇಳಿದೆ. "ಎಂಜಿನ್ ಮೇಲೇ ಬರ್ದವ್ರಾ? ದೊಡ್ಡಕ್ಷರದಾಗೆ?" ಎಂದು ಎರಡು ಸಲ ಕೇಳಿದರು.

ಡಿ326 ನಂಬರಿನ ಹಾಳೆ ಇನ್ನೂ ಅವನ ಮೇಜಿನ ಡ್ರಾಯರಿನಲ್ಲೇ ಇದೆ. ಅಂಟಿಸುವುದಾದರೆ ಪಕ್ಕದಲ್ಲಿ ಒಂದು ಕಾರ್ಡ್ ಇಡುತ್ತೇನೆ, ಅದರಲ್ಲಿ ಮಿಲ್ಸ್ ಮತ್ತು ವಿಟ್ಬಿ ಅವರ ಹೆಸರು ಇರುತ್ತದೆ, ಕಳ್ಳರ ಹೆಸರು ಇರುವುದಿಲ್ಲ ಎಂದಿದ್ದಾನೆ. ಆ ಎಂಜಿನ್ನನ್ನು ಓಡಿಸುವುದಿಲ್ಲವಂತೆ, ಕೆಂಪು ಸಿಗ್ನಲ್ ಮುಂದೆ ನಿಲ್ಲಿಸುತ್ತಾನಂತೆ. ಅಥವಾ 200ರಲ್ಲಿ ಬೇರೆ ಯಾವುದಾದರೂ ನಂಬರ್ ಹಾಕಿ ಸುಮ್ಮನೆ ಸಂತೋಷವಾಗಿ ಓಡಿಸುತ್ತಾನಂತೆ. ಎರಡರಲ್ಲಿ ಯಾವುದು ಎಂದು ಇನ್ನೂ ತೀರ್ಮಾನಿಸಿಲ್ಲ. ನಾನೂ ಒತ್ತಾಯ ಮಾಡಿಲ್ಲ. ಯೋಚನೆ ಮಾಡಲು ನಿಂತಿದ್ದಾನಲ್ಲ, ಅದೇ ಅಪ್ಪಮಾದ, ಎಚ್ಚರ.

ನಾನು ಮರುವಾರ ಒಂಬತ್ತನೇ ತರಗತಿಗೆ ಹೋಗಿ, "ಮಕ್ಕಳೇ, ಅವತ್ತು ಅರ್ಧ ಕಥೆ ಹೇಳಿದ್ದೆ, ತಪ್ಪಾಯಿತು" ಎಂದು ಉಳಿದರ್ಧ ಹೇಳಿದೆ. ಚಿತ್ರ ಬರೆದಿದ್ದ ಹುಡುಗ ಎದ್ದು ನಿಂತು, "ಮಿಸ್, ಆ ಡ್ರೈವರ್ ನೋಡೋಕೆ ಹೆಂಗಿದ್ರು?" ಅಂತ ಕೇಳಿದ. ಫೋನಿನಲ್ಲಿ ಹಳೆಯ ಫೋಟೋ ತೋರಿಸಿದೆ. ತಲೆಗೆ ಬಟ್ಟೆ ಕಟ್ಟಿಕೊಂಡ ಒಬ್ಬ ವಯಸ್ಸಾದ ಕೆಲಸಗಾರ. ಹುಡುಗ ಬಹಳ ಹೊತ್ತು ನೋಡಿ, ನೋಟ್‌ಬುಕ್ಕಿನ ಹಾಳೆ ತಿರುವಿದ.

*ಇಂದಿನ ಅಭ್ಯಾಸ*

ಇವತ್ತು ನೀವು ಕೇಳುವ, ಹೇಳುವ, ಫಾರ್ವರ್ಡ್ ಮಾಡುವ ಯಾವುದಾದರೂ ಒಂದು ಅಪರಾಧದ ಸುದ್ದಿಯಲ್ಲಿ ನಿಂತು ನೋಡಿ. ಇದರಲ್ಲಿ ಯಾರ ಹೆಸರಿದೆ, ಯಾರ ಹೆಸರಿಲ್ಲ? ಇಲ್ಲದ ಹೆಸರನ್ನು ಹುಡುಕಿ ತಿಳಿದುಕೊಳ್ಳಿ. ಕಂಬಾಲಪಲ್ಲಿಯ ಏಳು ಹೆಸರುಗಳನ್ನು ನಾನು ಈಗ ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಭಾನುವಾರದ ವಂದನೆಯ ನಂತರ ಓದುತ್ತೇನೆ. ದಯವಿಟ್ಟು ಎಲ್ಲರೂ ಬನ್ನಿ.

ಎಲ್ಲರಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು.
ಜೈ ಭೀಮ್.